ಮಾಲತಿಯನ್ನು ಮನೆಗೆ ಕರೆತಂದ ಶ್ರಾವಣ

ಮೊನ್ನೆ ಹೊನ್ನಾಳಿಯಲ್ಲಿ ಒಂದು ಪುಸ್ತಕ ಸಂವಾದಕ್ಕೆ ಹೋಗಿ ಮೈ ಉರಿಸಿಕೊಂಡು ಬಂದೆ. ಪುಸ್ತಕ ಯಾವುದೆಂದು ಹೇಳುವುದಿಲ್ಲ. ಮುದ್ರಣದ ಮೇಲೆ ಮುದ್ರಣ ಕಂಡ ಆ ವೈಜ್ಞಾನಿಕ ಕಾದಂಬರಿಯನ್ನು ಓದಿದವರಿಗೆ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ. ಓದದವರಿಗೆ ಬರೀ ಹೆಸರಿನಿಂದ ಆಗಬೇಕಾದ್ದೂ ಏನಿಲ್ಲ.

ಸಂವಾದದಲ್ಲಿ ಒಬ್ಬೊಬ್ಬರದು ಒಂದೊಂದು ರಾಗ. ಕವಿಗಳೊಬ್ಬರು ಎದ್ದು, "ಇದರಲ್ಲಿ ಸೂತ್ರಗಳಿವೆ, ಹೃದಯವಿಲ್ಲ" ಎಂದು ಎದೆ ಮುಟ್ಟಿಕೊಂಡು ಕೂತರು. ನಿವೃತ್ತ ಗಣಿತ ಉಪನ್ಯಾಸಕರು, ಲೇಖಕರು ಒಂದು ಕಡೆ ವೇಗದ ಲೆಕ್ಕವನ್ನು ಅಂದಾಜಿಗೆ ಬಿಟ್ಟಿದ್ದಾರೆಂದು ಬೋರ್ಡಿಲ್ಲದೆಯೇ ಪಾಠ ಶುರು ಮಾಡಿದರು. ನಮ್ಮ ಜಗಳೂರಿನಿಂದ ಬಂದಿದ್ದ ವಕೀಲರು, "ಲೆಕ್ಕದ ಪುಟ ಎಲ್ಲಾ ಹಾರಿಸ್ಕಂಡು ಓದಿದೆ ನೋಡ್ರಿ, ಬಸ್ಸಿನಾಗೆ ಇಳಿಯೋ ಸ್ಟಾಪೇ ಮರ್ತು ಮುಂದಕ್ಕೆ ಹೋಗ್ಬಿಟ್ಟೆ" ಅಂದರು. ಚನ್ನಗಿರಿಯ ಕಾಲೇಜು ಹುಡುಗಿಯೊಬ್ಬಳು ಅದಕ್ಕೆ ತಿರುಗಿ, ಲೆಕ್ಕ ಇನ್ನೂ ಇರಬೇಕಿತ್ತು ಎಂದಳು. ಇದೆಲ್ಲ ನನಗೆ ಖುಷಿಯೇ. ಓದು ಎಂದಮೇಲೆ ಹಾಗೆಯೇ ಇರಬೇಕು. ಆದರೆ ಕೊನೆಗೆ ಮೈಕು ಹಿಡಿದ ಅಧ್ಯಕ್ಷರು ಸಾವಧಾನವಾಗಿ, "ಇಂಥ ಗಟ್ಟಿ ವಿಜ್ಞಾನದ ಕೃತಿಗೆ ನಮ್ಮ ಹಳ್ಳಿಯ ಜನ ಇನ್ನೂ ಸಿದ್ಧರಾಗಿಲ್ಲ. ಅವರಿಗೆ ಕೊನೆಯಲ್ಲಿ ಎಲ್ಲರೂ ಮನೆ ಸೇರಿದರೆ ಸಾಕು" ಎಂದುಬಿಟ್ಟರು. ಸಭೆಯಲ್ಲಿ ನಾಲ್ಕು ಜನ ನಕ್ಕರು ಕೂಡ. ನಾನು ಎದ್ದು ನಿಂತು, "ನಿಮಗೆ ಯಾರು ಹೇಳಿದ್ರು ಇದನ್ನ?" ಎಂದು ಕೇಳುವಷ್ಟರಲ್ಲಿ ಚಹಾ ಬಂದಿದೆಯೆಂದು ಘೋಷಣೆಯಾಯಿತು. ನನ್ನ ಪ್ರಶ್ನೆ ಪ್ಲಾಸ್ಟಿಕ್ ಲೋಟಗಳ ಸದ್ದಿನಲ್ಲಿ ಹೋಯಿತು.

ಅದೇ ಸಿಟ್ಟಿನಲ್ಲಿ ಬಸ್ಸು ಹತ್ತಿ ನ್ಯಾಮತಿಯಲ್ಲಿ ಇಳಿದೆ. ದೀಪ ಹಚ್ಚುವ ಹೊತ್ತು. ನಿಲ್ದಾಣದ ಎದುರಿನ ಗೊಬ್ಬರದ ಅಂಗಡಿಯವರು ಗಲ್ಲಾಪೆಟ್ಟಿಗೆಗೆ ಲೋಬಾನದ ಹೊಗೆ ತೋರಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸವಳಂಗದಿಂದ ಒಳಗೆ ಹೋಗುವ ಆ ಹಳ್ಳಿ, ಅಲ್ಲಿಯ ಬಸವಣ್ಣನ ಗುಡಿ, ಅಲ್ಲಿ ಕಳೆದ ಒಂದು ಶ್ರಾವಣ ಎದ್ದು ಬಂದವು. ಅಧ್ಯಕ್ಷರಿಗೆ ಹೇಳಬೇಕಾಗಿದ್ದ ಉತ್ತರ ಅಲ್ಲಿತ್ತು. ಅವರು ಕೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊರೊನಾ ಕಳೆದು ಜನ ಮತ್ತೆ ಒಬ್ಬರ ಪಕ್ಕ ಒಬ್ಬರು ಕೂರಲು ಶುರುಮಾಡಿದ್ದ ವರ್ಷ ಅದು. ನಾನು ಆ ಊರಿನ ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ವರ್ಗವಾಗಿ ಬಂದು ಪರಮೇಶ್ವರಪ್ಪ ಎನ್ನುವವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಜಗಳೂರಿನವಳೆಂದು ತಿಳಿದ ದಿನವೇ ಅವರು, "ಊರ ಹೆಸರಾಗೇ ಜಗಳ ಐತೆ, ಹುಷಾರಾಗಿರ್ಬೇಕಪ್ಪ" ಎಂದು ಹೆಂಡತಿಗೆ ಹೇಳಿ ನಕ್ಕಿದ್ದರು. ಪರಮೇಶ್ವರಪ್ಪನವರು ಅಡಿಕೆ ವ್ಯಾಪಾರಿ, ಗುಡಿಯ ಸಮಿತಿಗೂ ಅವರೇ ಅಧ್ಯಕ್ಷರು. ಅಧ್ಯಕ್ಷರುಗಳಿಗೂ ನನಗೂ ಅಷ್ಟಕ್ಕಷ್ಟೇ ಎಂದು ಕಾಣುತ್ತದೆ.

ಆ ಊರಿನಲ್ಲಿ ಶ್ರಾವಣದ ತಿಂಗಳಿಡೀ ಸಂಜೆ ಗುಡಿಯಲ್ಲಿ ಪುರಾಣ ನಡೆಯುತ್ತದೆ. ಒಬ್ಬರು ಗ್ರಂಥ ಓದುವುದು, ಇನ್ನೊಬ್ಬರು ಅದಕ್ಕೆ ಅರ್ಥ ಹೇಳುವುದು. ಓದುತ್ತಿದ್ದ ಶಾಸ್ತ್ರಿಗಳಿಗೆ ಆ ವರ್ಷ ಗಂಟಲು ಕೆಟ್ಟು ಮಾತೇ ಹೊರಡುತ್ತಿರಲಿಲ್ಲ. ಅರ್ಥ ಹೇಳುವವರು ಚನ್ನವೀರಯ್ಯನವರು. ಪ್ರಾಥಮಿಕ ಶಾಲೆಯ ನಿವೃತ್ತ ಮೇಷ್ಟ್ರು, ಊರವರ ಬಾಯಲ್ಲಿ ಅಯ್ನೋರು, ಜೇನಿನಂಥ ಮಾತುಗಾರರು. ಅವರು ನನ್ನಲ್ಲಿಗೆ ಬಂದು, "ನೀವು ಪಾಠ ಮಾಡೋದು ರಸ್ತೆವರೆಗೂ ಕೇಳ್ತೈತ್ರೀ ಮೇಡಂ, ಈ ಸಲ ನೀವೇ ಓದ್ರಿ" ಎಂದು ಪುರಾಣದ ದಪ್ಪ ಗ್ರಂಥವನ್ನು ಅಭ್ಯಾಸಕ್ಕೆಂದು ಕೊಟ್ಟುಹೋದರು. ಅದನ್ನು ಮೇಜಿನ ಮೇಲಿಟ್ಟೆ. ಅದರ ಪಕ್ಕದಲ್ಲಿ ನಾನು ಎರಡನೆಯ ಸಲ ಓದುತ್ತಿದ್ದ, ಮೊನ್ನೆ ಸಂವಾದಕ್ಕೆ ಬಂದ ಈ ಕಾದಂಬರಿ ಇತ್ತು. ಅದೂ ಕಮ್ಮಿ ದಪ್ಪದ್ದಲ್ಲ, ಹೊರಗೆ ಹೆಸರಿಲ್ಲದ, ಕ್ಯಾಲಿಕೋ ಬಟ್ಟೆಯ ರಟ್ಟು ಕಟ್ಟಿದ ಗಟ್ಟಿ ಪ್ರತಿ.

ಮೊದಲ ಸೋಮವಾರ ಗ್ರಂಥಪೂಜೆ. ನಾನು ಶಾಲೆಯಲ್ಲಿದ್ದೆ. ಪರಮೇಶ್ವರಪ್ಪನವರ ಹೆಂಡತಿ ಸರೋಜಮ್ಮ ಮಡಿಯಲ್ಲಿ ಮಹಡಿ ಹತ್ತಿ, ಎರಡರಲ್ಲಿ ಹೆಚ್ಚು ದಪ್ಪ ಕಂಡದ್ದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಗುಡಿಗೆ ತಂದರು. ಓದು ಬರದವರಲ್ಲ ಅವರು. ಆದರೆ ಪೂಜೆಗೆ ಮುಂಚೆ ಗ್ರಂಥ ತೆರೆದು ನೋಡಬಾರದೆಂಬುದು ಅಲ್ಲಿಯ ಪದ್ಧತಿ. ಸುತ್ತಿದ ಗಂಟಿಗೇ ವಿಭೂತಿ, ಹೂವು, ಆರತಿ ಆಯಿತು. ಕಾಯಿ ಒಡೆದರು. ಮರದ ಪೀಠಕ್ಕೆ ಏರಿಸಿದರು. ಸಂಜೆ ನಾನು ಹೋಗಿ ಎಲ್ಲರೆದುರು ಗಂಟು ಬಿಚ್ಚಿ ರಟ್ಟು ತೆರೆದರೆ ಒಳಗೆ ಗುರುಗ್ರಹದ ಚಿತ್ರ, ಅದರ ಮುಂದೆ ಒಂದು ರಾಕೆಟ್ಟು!

"ಇದೇನ್ರೀ ಮೇಡಂ, ತಮಾಷೆ ಹಚ್ಚೀರೇನು?" ಎಂದು ಪರಮೇಶ್ವರಪ್ಪನವರು ನನ್ನ ಮೇಲೇ ಹಾರಿದರು. ತಂದವರು, ಸುತ್ತಿದವರು ಅವರ ಮನೆಯವರು, ಪೂಜೆ ಮಾಡಿದವರು ಇವರೇ, ತಪ್ಪು ನನ್ನದು! ನನಗೂ ಬಾಯಿ ಇತ್ತು, ಹೇಳಬೇಕಾದ್ದನ್ನು ಅಲ್ಲೇ ಹೇಳಿದೆ. ಗದ್ದಲದ ನಡುವೆ ಯಾರೋ, "ಸುಮ್ನೆ ಬದಲಾಯ್ಸಿ ಬಿಡ್ರಿ ಅತ್ಲಾಗೆ" ಎಂದರು. ಆಗ ಚನ್ನವೀರಯ್ಯನವರು ಕೈ ಎತ್ತಿದರು.

"ಕಾಯಿ ಒಡದೈತೆ. ಪೀಠ ಏರಿದ ಪುಸ್ತಕ ಮಂಗಳ ಆಗೋವರೆಗೂ ಇಳಿಯಂಗಿಲ್ಲ. ಬಸವಣ್ಣ ಏನೋ ಕೇಳ್ಬೇಕು ಅಂತಾನೆ. ಮೇಡಂ, ಓದ್ರಿ."

ಪುರಾಣವನ್ನು ಬೆಳಗಿನ ಹೊತ್ತು ತಾವೇ ಗುಡಿಯಲ್ಲಿ ಒಬ್ಬರೇ ಕೂತು ಓದುವುದಾಗಿ ಒಪ್ಪಿಕೊಂಡರು. ಹೀಗೆ ಗಟ್ಟಿ ವಿಜ್ಞಾನದ ಕಾದಂಬರಿಯೊಂದು ಲೋಬಾನದ ಹೊಗೆಯಲ್ಲಿ ಕೂತು ಓದಿಸಿಕೊಂಡಿತು. ಅದಕ್ಕೆ ಊರವರೇ 'ಗುರುಗ್ರಹದ ಪುರಾಣ' ಎಂದು ಹೆಸರಿಟ್ಟರು.

ಆ ಶ್ರಾವಣದಲ್ಲಿ ಮಳೆ ಜೋರಾಗಿ ಬಾರದೆ ಬಿಡದೆ ಜಿಟಿಜಿಟಿ ಹಿಡಿದಿತ್ತು. ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆದು ಬಂದ ಹೆಂಗಸರು ಕಾಲು ತೊಳೆದು, ತಲೆಗೆ ಹಾಕಿದ್ದ ಗೊಬ್ಬರದ ಚೀಲವನ್ನು ಗುಡಿಯ ಕಟ್ಟೆಗೆ ಒಣಹಾಕಿ ಒಳಗೆ ಬರುತ್ತಿದ್ದರು. ಮೊದಮೊದಲು ಪ್ರಸಾದಕ್ಕೆಂದು ಬಂದವರೇ ಹೆಚ್ಚು. ಕಥೆ ಸಂಕ್ಷೇಪವಾಗಿ ಹೀಗಿದೆ. ನಾಲ್ಕು ಜನ ಗುರುಗ್ರಹದ ಒಂದು ಹಿಮದ ಚಂದ್ರನಿಗೆ ಹೋಗುತ್ತಾರೆ. ಅವರಲ್ಲಿ ಮಾಲತಿ ಎನ್ನುವವಳು ಎಂಜಿನಿಯರು. ಭೂಮಿಯಲ್ಲಿ ಅವಳ ತಾಯಿ ಇದ್ದಾಳೆ. ವಾಪಸು ಹೊರಡುವಾಗ ಇಂಧನದ ಕೊಳವೆ ಹೆಪ್ಪುಗಟ್ಟುತ್ತದೆ. ನೆಲದಲ್ಲೇ ನಿಂತು ಪಂಪು ನಡೆಸುವವರು ಒಬ್ಬರಿದ್ದರೆ ಮಾತ್ರ ನೌಕೆ ಏರುತ್ತದೆ, ಪಂಪು ನಡೆಸಿದವರು ಏರುವಂತಿಲ್ಲ. ಲೇಖಕರು ಗಾಳಿ, ನೀರು, ತೂಕ, ದೂರ ಎಲ್ಲವನ್ನೂ ಪೈಸೆ ಬಿಡದೆ ಲೆಕ್ಕ ಹಾಕಿ ಬರೆದಿದ್ದಾರೆ. ಅನುಕೂಲಕ್ಕೆಂದು ಎಲ್ಲಿಯೂ ಪವಾಡ ತಂದಿಲ್ಲ. ನಾನು ಆ ಪುಸ್ತಕಕ್ಕೆ ಮರುಳಾದದ್ದು ಅದಕ್ಕೇ.

ಚನ್ನವೀರಯ್ಯನವರು ಅರ್ಥ ಹೇಳುವ ಚಂದ ನೋಡಬೇಕಿತ್ತು. ಅಲ್ಲಿಂದ ಆಡಿದ ಮಾತು ಭೂಮಿಗೆ ಮುಟ್ಟಲು ಮುಕ್ಕಾಲು ಗಂಟೆ ಬೇಕು ಎಂದು ನಾನು ಓದಿದರೆ, ಅವರು ಕನ್ನಡಕ ತೆಗೆದು, "ಈಗ ಮಾಲತಿ 'ಅವ್ವಾ' ಅಂದ್ಲು ಅಂತ ತಿಳ್ಕಳ್ರಿ. ಆ ಹೊತ್ತಿಗೆ ನೀವು ಸವಳಂಗದಾಗೆ ಬಸ್ ಹತ್ತೀರಿ. ಶಿವಮೊಗ್ಗದಾಗೆ ಇಳಿಯೋ ಹೊತ್ತಿಗೆ ಅವ್ವಗೆ ಆ ಮಾತು ಕೇಳ್ತೈತೆ. ಅವ್ವ 'ಏನವ್ವಾ' ಅಂದಿದ್ದು ಆಕಿಗೆ ಮುಟ್ಟಾಕೆ ನೀವು ಅದೇ ಬಸ್ಸಿಗೆ ವಾಪಸ್ ಬರ್ಬೇಕು" ಎನ್ನುತ್ತಿದ್ದರು. ಗುಡಿ ತುಂಬಾ "ಅಯ್ಯಯ್ಯೋ" ಎನ್ನುವ ಸದ್ದು. ನಾನು ಎಂಟನೇ ಕ್ಲಾಸಿಗೆ ಬೆಳಕಿನ ವೇಗ ಹೇಳಿಕೊಡುವಾಗ ಒಂದು ದಿನವೂ ಆ ಸದ್ದು ಬಂದದ್ದಿಲ್ಲ.

ಜನ ತುಂಬಿದರು. ಸಿದ್ಧರಿಲ್ಲದ ಜನ! ಅವರವರಲ್ಲೇ ಜಗಳ ಬೇರೆ. ಹೆಂಗಸರ ಸಾಲಿನಲ್ಲಿ ಮಾಲತಿಗೆ ಇನ್ನೂ ಲಗ್ನವಾಗಿಲ್ಲ ಎನ್ನುವುದೇ ದೊಡ್ಡ ಚರ್ಚೆ. "ಎರಡು ಮಕ್ಕಳಾಗಿದ್ರೆ ಹಿಂಗೆ ಆಕಾಶ ಸುತ್ತಾಕೆ ಹೋಗ್ತಿದ್ಲಾ?" ಎಂದು ಒಬ್ಬಳು ಅಂದರೆ, "ನನಗೆ ಎರಡು ಅದಾವಲ್ಲ, ದಾರಿ ಇದ್ದಿದ್ರೆ ನಾನೂ ಅಲ್ಲಿಗೇ ಹೋಗ್ತಿದ್ದೆ ಬಿಡು, ಉಸಿರು ಬಿಡಾಕೆ" ಎಂದು ಇನ್ನೊಬ್ಬಳು. ಗಂಡಸರ ಸಾಲಿನಲ್ಲಿ ಒಬ್ಬ ಮುದುಕರು ಲೆಕ್ಕದ ಪುಟ ಬಂದ ತಕ್ಷಣ ಕಂಬಕ್ಕೆ ಒರಗಿ ನಿದ್ದೆ ಮಾಡಿ, ಮಾತಿನ ಭಾಗ ಬಂದಾಗ ಎಬ್ಬಿಸಬೇಕೆಂದು ಪಕ್ಕದವರಿಗೆ ಹೇಳಿಟ್ಟಿದ್ದರು. ಪರಮೇಶ್ವರಪ್ಪನವರು ಮಾತ್ರ, "ಇದೆಲ್ಲ ನಮ್ಮ ಹಿಂದಿನವರಿಗೆ ಗೊತ್ತಿದ್ದಿದ್ದೇ" ಎಂದು ದಿನವೂ ಒಂದು ಸಲ ಹೇಳದೆ ಏಳುತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಿನ್ನೆ ಯಾಕೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಿರಿ ಎಂದು ಕೇಳಬೇಕೆನಿಸಿ, ಮನೆ ಮಾಲೀಕರೆಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಮಾತಾಡದೆ ಕೇಳುತ್ತಿದ್ದವರು ಒಬ್ಬರೇ. ಗೌರಮ್ಮ. ಬ್ಲೌಸ್ ಹೊಲಿಯುವವರು, ಐವತ್ತರ ಆಸುಪಾಸು, ಗಂಡ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಅವರ ಮಗಳು ನಾಗವೇಣಿ ನರ್ಸ್ ಆಗಿದ್ದಳು. ಕೊರೊನಾದ ಎರಡನೇ ಅಲೆಯಲ್ಲಿ ವಾರ್ಡಿನಲ್ಲಿ ದುಡಿಯುತ್ತಲೇ ಅದು ಅವಳಿಗೂ ಹತ್ತಿ, ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ಊರಿಗೆ ಹೆಣ ತರಲು ಬಿಡಲಿಲ್ಲ. ಗೌರಮ್ಮ ಅದಾದಮೇಲೆ ಮದುವೆ, ಹಬ್ಬ ಯಾವುದಕ್ಕೂ ಹೋದವರಲ್ಲವಂತೆ. ಗುರುಗ್ರಹದ ಪುರಾಣಕ್ಕೆ ಮಾತ್ರ ಎರಡನೇ ದಿನದಿಂದ ಒಂದು ಸಂಜೆಯೂ ತಪ್ಪಿಸಲಿಲ್ಲ. ಪೀಠದ ಎದುರಿಗೇ ಕೂರುತ್ತಿದ್ದರು. ಪಂಪಿನ ಬಳಿ ನಿಲ್ಲುವವಳು ತಾನೇ ಎಂದು ಮಾಲತಿ ಹೇಳುವ ಅಧ್ಯಾಯ ಓದಿದ ದಿನ, ಎಲ್ಲರೂ ಎದ್ದು ಹೋದಮೇಲೆ ನನ್ನ ಬಳಿ ಬಂದು, "ಆಕಿ ಅವ್ವಗೆ ಯಾರು ಹೇಳ್ತಾರ್ರೀ ಇದನ್ನ?" ಎಂದು ಕೇಳಿದರು. ಅದು ಕೊನೆಯ ಅಧ್ಯಾಯದಲ್ಲಿ ಬರುತ್ತದೆ ಎಂದೆ. "ಹಂಗಾದ್ರೆ ಕೇಳ್ತೀನಿ" ಎಂದು ಹೋದರು.

ಮಂಗಳದ ಹಿಂದಿನ ದಿನ ಮಧ್ಯಾಹ್ನ ಚನ್ನವೀರಯ್ಯನವರು ಶಾಲೆಯ ಸ್ಟಾಫ್ ರೂಮಿಗೆ ಬಂದರು. ಛತ್ರಿ ಮಡಿಸಿ ಮೂಲೆಗಿಟ್ಟು, ಸುತ್ತಿ ಬಳಸದೆ ಹೇಳಿದರು. "ನಾಳೆ ಕೊನೇ ಅಧ್ಯಾಯ ನೀವು ಓದಬ್ಯಾಡ್ರಿ ಮೇಡಂ. ನಾನೇ ಬಾಯಾಗೆ ಹೇಳಿ ಮುಗಿಸ್ತೀನಿ. ಮಾಲತಿನ ಮನೆಗೆ ಕರ್ಕಂಡು ಬರ್ತೀನಿ."

ತಿದ್ದುತ್ತಿದ್ದ ಪತ್ರಿಕೆಯನ್ನು ಬದಿಗಿಟ್ಟೆ. "ಹೆಂಗೆ ಕರ್ಕಂಡು ಬರ್ತೀರಿ ಸರ್? ಗಾಳಿ ಇಲ್ಲ, ಇಂಧನ ಇಲ್ಲ, ಇನ್ನೊಂದು ನೌಕೆ ಅಲ್ಲಿಗೆ ಹೋಗೋಕೆ ವರ್ಷಗಟ್ಟಲೆ ಬೇಕು. ನೀವೇ ಅರ್ಥ ಹೇಳಿದ್ದೀರಿ!"

"ನಿಮ್ಮ ಲೆಕ್ಕದಾಗೆ ಬರಲ್ಲ, ಖರೆ. ಆದ್ರೆ ಪೀಠದ ಮೇಲಿನ ಗ್ರಂಥನ ಸಾವಿನಾಗೆ ಮುಚ್ಚಬಾರ್ದು. ಕೇಳಿದವರ ಮನೆಗೆ ಒಳ್ಳೇದಾಗಲ್ಲ. ಎರಡು ವರ್ಷ ಊರಾಗೆ ಸಾವು ನೋಡಿ ನೋಡಿ ಸಾಕಾಗೈತೆ. ಅದೆಲ್ಲ ಆದ್ಮೇಲೆ ಈಗ ಮೊದಲ ಸಲ ಮಂಗಳ ಮಾಡ್ತಿದೀವಿ."

"ಬರೆದವರು ಅವಳನ್ನು ಅಲ್ಲೇ ನಿಲ್ಲಿಸಿದ್ದಾರೆ. ಬದಲಾಯಿಸೋಕೆ ನಾವು ಯಾರು?"

ಅವರು ಮೆತ್ತಗೆ ಕೇಳಿದರು. "ಗೌರಮ್ಮ ಎದುರಿಗೆ ಕುಂತಿರ್ತಾಳೆ. ಆ ತಾಯಿ ಮುಖ ನೋಡ್ಕೋತಾ ಅದನ್ನ ಓದಾಕೆ ನಿಮಗೆ ಆಗ್ತೈತಾ?"

ಅವರು ಒಳ್ಳೆಯವರು, ಅದೇ ತೊಂದರೆ. ಕೆಟ್ಟವರ ಮೇಲೆ ಸಿಟ್ಟು ಮಾಡುವುದು ಸುಲಭ. ಅವರು ಹೋದಮೇಲೆ ನನ್ನ ಸಿಟ್ಟು ಇಮ್ಮಡಿಯಾಯಿತು. ಪುಸ್ತಕ ಪೀಠ ಏರಿದರೆ ಇಳಿಸಬಾರದು ಎಂಬ ಪದ್ಧತಿಯಿಂದಲೇ ಆ ಕಥೆ ಊರಿನ ಕಿವಿಗೆ ಬಿತ್ತು. ಈಗ ಇನ್ನೊಂದು ಪದ್ಧತಿ ಅದರ ಕತ್ತು ಹಿಸುಕಲು ಬಂದಿತ್ತು. ಮಾಲತಿ ಯೋಚಿಸಿ, ಲೆಕ್ಕ ಹಾಕಿ, ಹೆದರಿ, ಹೆದರಿಕೆಯ ನಡುವೆಯೇ ತೀರ್ಮಾನ ಮಾಡಿ ನಿಂತವಳು. ಅವಳನ್ನು ಅಕ್ಷತೆ ಹಾಕಿ ಮನೆಗೆ ಕರೆತಂದರೆ ಅವಳು ನಿಂತದ್ದಕ್ಕೆ ಬೆಲೆ ಏನು? ಬದುಕಿ ಬರುವವರಿಗೆ ಪಂಪು ಹಿಡಿಯಲು ಧೈರ್ಯ ಯಾಕೆ ಬೇಕು? ಹೀಗೆಲ್ಲ ಗೋಡೆಗೆ ಹೇಳಿಕೊಂಡೆ. ಗೋಡೆ ಒಪ್ಪಿತು, ಸಮಿತಿ ಒಪ್ಪಲಿಲ್ಲ. ಪರಮೇಶ್ವರಪ್ಪನವರು ಮೆಟ್ಟಿಲ ಬುಡದಿಂದಲೇ ಕೂಗಿ, "ನಾಳೆ ನಿಮ್ಮದು ಹಿಂದಿನ ಅಧ್ಯಾಯದವರೆಗೆ ಮಾತ್ರ" ಎಂದು ತಾಕೀತು ಮಾಡಿದರು.

ಮಂಗಳದ ಸಂಜೆ ಕಾಲಿಡಲು ಜಾಗವಿರಲಿಲ್ಲ. ಪೀಠಕ್ಕೆ ಸೇವಂತಿಗೆ ಹಾರ, ಬಾಗಿಲಿಗೆ ತೋರಣ. ಗೌರಮ್ಮ ಅವತ್ತು ಒಗೆದ ಇಳಕಲ್ ಸೀರೆ ಉಟ್ಟು ಎಂದಿನ ಜಾಗದಲ್ಲಿ ಕೂತಿದ್ದರು. ಮಾಲತಿ ಪಂಪಿನ ಬಳಿ ನಿಲ್ಲುವವರೆಗೆ, ನೌಕೆ ಏರುವವರೆಗೆ, ಮೂವರ ಉಸಿರು ಉಳಿಯುವವರೆಗೆ ಓದಿದೆ. ಚನ್ನವೀರಯ್ಯನವರು ನನ್ನ ಕೈ ಮೇಲೆ ಕೈಯಿಟ್ಟು ಪುಸ್ತಕ ಮುಚ್ಚಿದರು. ಆಮೇಲೆ ತಮ್ಮ ಜೇನಿನ ದನಿಯಲ್ಲಿ ಶುರು ಮಾಡಿದರು. ಹಿಂದಿನಿಂದ ಇನ್ನೊಂದು ನೌಕೆ ಬರುತ್ತಿತ್ತಂತೆ, ಅದರಲ್ಲಿದ್ದವರಿಗೆ ಮಾಲತಿಯ ಕೂಗು ಕೇಳಿತಂತೆ, ಅವಳನ್ನು ಎತ್ತಿಕೊಂಡರಂತೆ, ಅವಳು ಭೂಮಿಗಿಳಿದು ತಾಯಿಯ ಕಾಲಿಗೆ ಬಿದ್ದಳಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ ಜನ ತಲೆಯಾಡಿಸಿದರು. ಶಂಖ ಊದಿದರು, ಅಕ್ಷತೆ ಹಾರಿತು. ನಿದ್ದೆಯ ಮುದುಕರು ಕಣ್ಣೊರೆಸಿಕೊಂಡರು. ನನಗೆ ಎದ್ದು ಹೋಗಬೇಕೆನಿಸಿತು, ಕಾಲು ಜೋಮು ಹಿಡಿದಿತ್ತು.

ಆಗ ಗೌರಮ್ಮ ಎದ್ದು ನಿಂತರು.

"ಅಯ್ನೋರೆ, ಆಕಿ ಬಂದ್ಲು ಅಂದ್ರಲ್ಲ, ಹೆಂಗೆ ಬಂದ್ಲು?"

ಚನ್ನವೀರಯ್ಯನವರು ನಗಲು ನೋಡಿದರು. "ಬಂದ್ಲವ್ವಾ. ದೇವರು ದೊಡ್ಡೋನು."

"ಮೊನ್ನೆ ಗಾಳಿ ಇಲ್ಲ ಅಂದ್ರಿ. ಅಷ್ಟು ದೂರಕ್ಕೆ ಯಾರೂ ಹೋಗಾಕಾಗಲ್ಲ ಅಂದ್ರಿ. ದಿನಾ ಕುಂತು ಕೇಳೀನಿ ನಾನು. ಆಕಿ ಬರಾಕಾಗಲ್ಲ. ಆಗಲ್ಲ ಅಂತ ಗೊತ್ತಿದ್ದೇ ನಿಂತಾಳೆ." ದನಿ ಏರಿತು. "ಹಿಂದೆ ಇನ್ನೊಂದು ಬರ್ತಿತ್ತಂತೆ! ನನ್ನ ಮಗಳ ಹಿಂದೆ ಯಾಕೆ ಬರಲಿಲ್ಲ ಹಂಗಾದ್ರೆ? ದೇವರಿಗೆ ಆಕಿ ಕೂಗು ಕೇಳ್ತು, ನನ್ನ ಮಗಳದ್ದು ಕೇಳಲಿಲ್ಲಾ?"

ಶಂಖ ಹಿಡಿದವರು ಹಾಗೇ ನಿಂತರು. ಪರಮೇಶ್ವರಪ್ಪನವರು, "ಏ ಗೌರಮ್ಮ, ಮಂಗಳದಾಗೆ ಅಪಶಕುನ ನುಡೀಬ್ಯಾಡ, ಕುಂತ್ಕ" ಎಂದು ಗದರಿದರು. ಯಾರಿಗೆ ಆಡುವ ಮಾತು ಅದು! ಆ ಒಂದು ಮಾತಿಗಾಗಿ ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಗೌರಮ್ಮ ಕೂರಲಿಲ್ಲ. ಮುಂದೆ ಬಂದ ಆರತಿಯನ್ನೂ ಪ್ರಸಾದವನ್ನೂ ಮುಟ್ಟದೆ, ಜನ ಬಿಟ್ಟ ದಾರಿಯಲ್ಲಿ ನಡೆದು ಹೊರಗೆ ಹೋದರು. ಚನ್ನವೀರಯ್ಯನವರು ಕನ್ನಡಕ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದರು. ಆ ತಾಯಿಗಾಗಿಯೇ ಅವರು ಕಥೆ ತಿರುಗಿಸಿದ್ದು.

ಮಾರನೆಯ ದಿನ ಊರು ಎರಡು ಭಾಗವಾಗಿತ್ತು. ಮಾಲತಿ ಬಂದಳೆನ್ನುವವರು, ಬರಲಿಲ್ಲವೆನ್ನುವವರು. ಚಹಾದಂಗಡಿಯಲ್ಲಿ, ಕೊಳಾಯಿಯ ಹತ್ತಿರ ಅದೇ ಮಾತು. ಬಂದಳೆನ್ನುವವರಿಗೆ ಪುಸ್ತಕ ತೋರಿಸುತ್ತೇನೆಂದರೆ, "ಪುಸ್ತಕದಾಗೆ ಸಾವಿರ ಬರೀತಾರೆ, ಅಯ್ನೋರು ಹೇಳಿದ್ ಮುಗೀತು" ಎಂದರು. ಗೌರಮ್ಮ ಮಂಗಳ ಕೆಡಿಸಿದಳೆಂದೂ ಮತ್ತೊಮ್ಮೆ ಶಾಂತಿಪೂಜೆ ಆಗಬೇಕೆಂದೂ ಸಮಿತಿಯಲ್ಲಿ ಮಾತಾಯಿತಂತೆ. ಮುಂದಿನ ವರ್ಷದಿಂದ ಗ್ರಂಥವನ್ನು ಬಿಚ್ಚಿ ನೋಡಿಯೇ ಪೂಜೆ ಮಾಡಬೇಕೆಂದು ತೀರ್ಮಾನವೂ ಆಯಿತು. ಊರೆಲ್ಲ ಸೂರೆ ಹೋದಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವುದು ಇದಕ್ಕೇ. ಒಂದು ಪುಸ್ತಕಕ್ಕೆ ಇಷ್ಟು ಜನ ಇಷ್ಟು ಜೋರಾಗಿ ಜಗಳವಾಡಿದ್ದನ್ನು ನಾನು ಯಾವ ಸಂವಾದದಲ್ಲೂ ಕಂಡಿಲ್ಲ.

ಶಾಲೆ ಬಿಟ್ಟಮೇಲೆ ಪುಸ್ತಕ ತೆಗೆದುಕೊಂಡು ಗೌರಮ್ಮನವರ ಮನೆಗೆ ಹೋದೆ. ನಡುಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಚಕ್ರ ನಿಲ್ಲಿಸಿದರು.

"ಕೊನೇದು ಓದ್ಬೇಕಾ?" ಎಂದೆ.

"ಇದ್ದಿದ್ದು ಇದ್ದಂಗೆ ಓದ್ರಿ."

ಓದಿದೆ. ಕೊನೆಯ ಅಧ್ಯಾಯದಲ್ಲಿ ಮಾಲತಿ ತಾಯಿಗೆ ಒಂದು ಸಂದೇಶ ಕಳಿಸುತ್ತಾಳೆ. ಅದು ಭೂಮಿಗೆ ಮುಟ್ಟುವ ಹೊತ್ತಿಗೆ ಅವಳ ಗಾಳಿ ಮುಗಿದಿರುತ್ತದೆ. ಅದು ತಾಯಿಗೂ ಗೊತ್ತು. ಗೊತ್ತಿದ್ದೂ ತಾಯಿ ಮೈಕಿನ ಮುಂದೆ ಕೂತು ಉತ್ತರ ಕೊಡುತ್ತಾಳೆ. ಕೇಳುವವರಿಲ್ಲದ ಕಡೆಗೆ ಆ ಮಾತು ಮುಕ್ಕಾಲು ಗಂಟೆ ಹೋಗುತ್ತಲೇ ಇರುತ್ತದೆ. ಗೌರಮ್ಮ ಸೂಜಿಯ ಕಡೆ ನೋಡುತ್ತಾ ಕೇಳಿದರು. ಅಳಲಿಲ್ಲ. ಮಾಲತಿ ಸತ್ತ ಸಾಲು ಬಂದಾಗ, ಗೊತ್ತಿದ್ದ ಸುದ್ದಿಯನ್ನು ಇನ್ನೊಬ್ಬರು ಹೇಳಿದಂತೆ ತಲೆಯಾಡಿಸಿದರು. ನನ್ನ ಎದೆ ಹಗುರಾಯಿತು. ನೋಡಿದಿರಾ ಚನ್ನವೀರಯ್ಯನವರೇ, ನಿಜವನ್ನು ತಡೆದುಕೊಳ್ಳುತ್ತಾರೆ ಜನ ಎಂದು ಮನಸ್ಸಿನಲ್ಲೇ ಅವರ ಜೊತೆ ವಾದಿಸುತ್ತಾ ತಾಯಿಯ ಉತ್ತರ ಓದಲು ಶುರು ಮಾಡಿದೆ. ನನಗೆ ಪುಸ್ತಕದಲ್ಲೇ ಅತ್ಯಂತ ಇಷ್ಟವಾದ ಪುಟ ಅದು. 'ನನಗೆ ನಿನ್ನ ಬಗ್ಗೆ ಹೆಮ್ಮೆ ಇದೆ ಮಗಳೇ, ನೀನು ಮಾಡಿದ್ದು ಸರಿ' ಎಂದು ತಾಯಿ ಶಾಂತವಾಗಿ ಹೇಳುತ್ತಾಳೆ.

"ನಿಲ್ಸ್ರಿ" ಎಂದರು ಗೌರಮ್ಮ.

ನಿಲ್ಲಿಸಿದೆ.

"ಇದು ಸುಳ್ಳು."

"ಯಾವುದು?"

"ಈ ತಾಯಿ. ಗಾಳಿ ಲೆಕ್ಕ ಸರಿ ಹಾಕ್ಯಾನೆ, ದೂರದ ಲೆಕ್ಕ ಸರಿ ಹಾಕ್ಯಾನೆ. ತಾಯಿನ ಯಾರ ಹತ್ರ ಕೇಳಿ ಬರ್ದ್ನೋ! ಹೆಮ್ಮೆ ಅಂತೆ. ಸರಿ ಅಂತೆ. ಅಯ್ನೋರು ಆಕಿನ ಕರ್ಕಂಡು ಬಂದು ಸುಳ್ಳು ಹೇಳಿದ್ರು, ಇವನು ತಾಯಿ ಬಾಯಾಗೆ ಹೇಳಿಸ್ಯಾನೆ. ಇಬ್ರೂ ಒಂದೇ."

ನಾನು ಲೇಖಕರ ಪರ ಏನೋ ಹೇಳಲು ಹೋದೆ. ತಾಯಿಯ ಘನತೆ, ಧೈರ್ಯ ಎಂದೇನೋ ಅಂದಿರಬೇಕು. ಅವರು ಕೇಳಿಸಿಕೊಳ್ಳಲಿಲ್ಲ. ಯಂತ್ರದ ಪೆಟ್ಟಿಗೆಯ ಮೇಲಿದ್ದ ಮೊಬೈಲು ತೆಗೆದು, ವಾಟ್ಸಾಪಿನಲ್ಲಿ ಮಗಳ ಹೆಸರು ಹುಡುಕಿ ನನ್ನ ಕಡೆ ತಿರುಗಿಸಿದರು. ನಾಗವೇಣಿಯ ಚಿತ್ರ, ಬಿಳಿ ಕೋಟು. ಕೆಳಗೆ ಗೌರಮ್ಮ ಮಾತಾಡಿ ಕಳಿಸಿದ ಧ್ವನಿ ಸಂದೇಶಗಳು ಒಂದರ ಕೆಳಗೊಂದು. ಎಲ್ಲಕ್ಕೂ ಒಂದೇ ಒಂದು ಟಿಕ್ಕು. ಆ ಕಡೆಯ ಫೋನಿಗೆ ಒಂದೂ ಮುಟ್ಟಿರಲಿಲ್ಲ.

"ತೀರ್ಕಂಡಿದ್ದು ಹೇಳಿದ್ಮೇಲೆ ಕಳಿಸಿದ್ದು ಇವು. ಗೊತ್ತಿದ್ದೇ ಕಳಿಸಿದ್ದು" ಎಂದು ಒಂದನ್ನು ಒತ್ತಿದರು.

ನಡುಮನೆ ತುಂಬಾ ಅವರದೇ ದನಿ, ಈಗಿನದಕ್ಕಿಂತ ಕೀರಲಾಗಿ, ಹರಿತವಾಗಿ ಬಂತು. "ಏನೇ, ರಜಾ ಹಾಕು ಅಂದ್ರೆ ಕೇಳಿದ್ಯಾ? ಎಷ್ಟು ಸಲ ಬಡ್ಕಂಡೆ! ಊರ ಮಂದಿ ನೋಡಾಕೆ ನೀನೊಬ್ಳೇ ಇದ್ದಿದ್ದಾ? ನಿಮ್ಮವ್ವ ನೆನಪಾಗಲಿಲ್ಲಾ ನಿನಗೆ? ಬಾ ಇಲ್ಲಿ, ನಿನಗೆ ಮಾಡ್ತೀನಿ. ಫೋನ್ ಎತ್ತು. ಎತ್ತಲ್ಲ ಅಂತ ಗೊತ್ತೈತೆ, ಎತ್ತು..."

ಮುಗಿಯಿತು. ನನ್ನ ಕೈಯಲ್ಲಿ ನನ್ನ ಇಷ್ಟದ ಪುಟ ತೆರೆದೇ ಇತ್ತು. ಅದನ್ನು ಎಷ್ಟು ಸಲ ಓದಿ ಕಣ್ಣು ತುಂಬಿಕೊಂಡಿದ್ದೆನೋ, ಈಗ ಅದರ ಒಂದು ಸಾಲೂ ಬಾಯಿಗೆ ಬರಲಿಲ್ಲ.

"ತಾಯಿ ಹಿಂಗೆ ಬೈತಾಳ್ರೀ" ಎಂದು ಗೌರಮ್ಮ ಮೊಬೈಲನ್ನು ಸೆರಗಿನಿಂದ ಒರೆಸಿ ಪೆಟ್ಟಿಗೆಯ ಮೇಲಿಟ್ಟರು. "ಹೆಮ್ಮೆ ಪಡಾಕೆ ಆಮೇಲೆ ಶಾಲು ತಗಂಡು ಬೇರೆಯವ್ರು ಬಂದಿದ್ರು."

ನಾನು ಪುಸ್ತಕ ಮುಚ್ಚಲು ಹೋದೆ. ಅವರು ಬೆರಳು ಅಡ್ಡ ಇಟ್ಟು, ಇನ್ನೂ ಒಂದು ಪುಟ ಉಳಿದಿದೆಯಲ್ಲ, ಅವನು ಇನ್ನೇನು ಬರೆದಿದ್ದಾನೋ ಅದನ್ನೂ ಕೇಳಿಬಿಡುತ್ತೇನೆ, ಓದಿ ಎಂದರು.